ಸ್ವರವನ್ನು ಹಂಚುವ ತೂಬು

ವಿಶ್ವೇಶ್ವರಯ್ಯ ನಾಲೆಯ ನೀರು ತೂಬುಗಳ ಮೂಲಕ ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಗಳಿಗೆ ಹಂಚಿಹೋಗುವುದನ್ನು ನಮ್ಮ ಸೀಮೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಧ್ವನಿವರ್ಧಕದ ಪೆಟ್ಟಿಗೆಯೊಳಗೂ ಅಂತಹುದೇ ಒಂದು ತೂಬು ಉಂಟು. ಕ್ರಾಸೋವರ್ ಎಂದು ಅದರ ಹೆಸರು. ತಗ್ಗಿನ ಸ್ವರಗಳನ್ನು ಅದು ದೊಡ್ಡ ವೂಫರಿಗೂ, ಏರುಸ್ವರಗಳನ್ನು ಪುಟ್ಟ ಟ್ವೀಟರಿಗೂ ಕಳುಹಿಸುತ್ತದೆ.

ಒಮ್ಮೆ ಮಳವಳ್ಳಿಯ ಕಡೆಯ ಹಳ್ಳಿಯೊಂದಕ್ಕೆ ‘ಕುರುಕ್ಷೇತ್ರ’ ನಾಟಕವನ್ನು ನೋಡಲು ನಾವು ಹೋಗಿದ್ದೆವು. ಪಾತ್ರಧಾರಿಗಳ ದನಿ ದೊಡ್ಡದಾಗಿಯೇ ಕೇಳುತ್ತಿದ್ದರೂ ಸಕಾರಗಳು ಮಾತ್ರ ಮಸುಕಾಗಿದ್ದವು. ‘ಇವರಿಗೆ ನಾಲಗೆಯೇ ತಿರುಗದು’ ಎಂದು ಜನ ಗೊಣಗಿದರು. ವರ್ಷವಿಡೀ ಅಭ್ಯಾಸ ಮಾಡಿದವರಿಗೆ ಇದಕ್ಕಿಂತ ದೊಡ್ಡ ಅಪವಾದವುಂಟೆ? ಆದರೆ ತಪ್ಪು ಯಾರದು?

ಟ್ವೀಟರಿನ ದಾರಿಯಲ್ಲಿ 6.8 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಇತ್ತು. ಕೆಪಾಸಿಟರ್ ಪರ್ಯಾಯ ವಿದ್ಯುತ್ತಿಗೆ ಒಡ್ಡುವ ತಡೆಗೆ ರಿಯಾಕ್ಟನ್ಸ್ ಎನ್ನುವರು. ಕಂಪನಗಳು ಹೆಚ್ಚಿದಂತೆಲ್ಲ ಅದು ಕುಗ್ಗುತ್ತದೆ. ಸೆಕೆಂಡಿಗೆ 100 ಕಂಪನಗಳಿರುವಾಗ ಈ ತಡೆ 234 ಓಮ್. 3000 ಕಂಪನಗಳಲ್ಲಿ ಸುಮಾರು 8. 10,000 ಕಂಪನಗಳಲ್ಲಿ ಕೇವಲ 2.3. ಆದುದರಿಂದಲೇ ತಗ್ಗಿನ ಸ್ವರ ಹೊರಗುಳಿದು ಏರುಸ್ವರ ಒಳಸೇರುತ್ತದೆ. ವಿಶೇಷವೆಂದರೆ, ರಿಯಾಕ್ಟನ್ಸ್ ಶಕ್ತಿಯನ್ನು ನುಂಗುವುದಿಲ್ಲ. ಅರೆಗಳಿಗೆ ಕೂಡಿಟ್ಟು ಹಿಂದಿರುಗಿಸುತ್ತದೆ.

ಟ್ವೀಟರನ್ನು 8 ಓಮಿನ ಬರಿಯ ರೋಧವೆಂದು ಭಾವಿಸೋಣ. 3000 ಕಂಪನಗಳಲ್ಲಿ ಎಂಟಕ್ಕೆ ಎಂಟು ಕೂಡಿದರೆ ಹದಿನಾರಾಗದು! ರೋಧ, ರಿಯಾಕ್ಟನ್ಸ್‌ಗಳು ಲಂಬಕೋನ ತ್ರಿಭುಜದ ಎರಡು ಭುಜಗಳಂತೆ ಕೂಡುತ್ತವೆ. ಅದರ ಕರ್ಣವಾದ 11.3 ಓಮ್ ಒಟ್ಟು ತಡೆಯಾಗುತ್ತದೆ. ಆಗ ಟ್ವೀಟರಿಗೆ ಸಲ್ಲುವ ಶಕ್ತಿ ಅರ್ಧ. ಇದೇ ಸ್ವರಗಳ ಎಲ್ಲೆಗೆರೆ.

ಆದರೆ ಕೆಪಾಸಿಟರಿನಲ್ಲಿ ರೋಧವೂ ಅಡಗಿದೆ. ಅದಕ್ಕೆ ಏರು, ತಗ್ಗು ಎಂಬ ಭೇದವಿಲ್ಲ. ಬಂದ ಶಕ್ತಿಯಲ್ಲಿ ಒಂದು ಪಾಲನ್ನು ಶಾಖವಾಗಿಸಿ ಕಳೆಯುತ್ತದೆ. ಎಲೆಕ್ಟ್ರೋಲೈಟಿಕ್ ಕೆಪಾಸಿಟರಿನೊಳಗಿನ ದ್ರವ ವರ್ಷಗಳುರುಳಿದಂತೆ ಒಣಗಿದರೆ ಈ ರೋಧ ಬೆಳೆಯುತ್ತದೆ. ಮರುದಿನ ನಾವು ಅಳೆದು ನೋಡಿದಾಗ ಧಾರಕತ್ವ ಹೆಚ್ಚೇನೂ ಕುಗ್ಗಿರಲಿಲ್ಲ. ರೋಧ ಮಾತ್ರ 24 ಓಮಿನಷ್ಟು ಏರಿತ್ತು. ರಿಯಾಕ್ಟನ್ಸ್ ಗಣನೆಗೆ ಬಾರದ ಏರುಸ್ವರಗಳಲ್ಲಿಯೂ ಒಟ್ಟು 32 ಓಮ್. ಟ್ವೀಟರಿಗೆ ವೋಲ್ಟೇಜಿನ ನಾಲ್ಕನೆಯ ಒಂದು ಪಾಲು, ಶಕ್ತಿಯಲ್ಲಿ ಹದಿನಾರನೆಯ ಒಂದು ಪಾಲು! ಸಕಾರದ ಶಕ್ತಿಯ ಬಹುಭಾಗವಿರುವುದು ಈ ಏರುಕಂಪನಗಳಲ್ಲಿಯೇ.

ದ್ರವವಿಲ್ಲದ ಫಿಲ್ಮ್ ಕೆಪಾಸಿಟರಿನ ರೋಧ ಅತ್ಯಲ್ಪ. ಹಾಗೆಂದು ಕಣ್ಣುಮುಚ್ಚಿ ಬದಲಾಯಿಸಲಾಗದು. ಮೂಲ ಕೆಪಾಸಿಟರಿನ ಒಂದು ಓಮ್ ರೋಧವನ್ನು ಲೆಕ್ಕಕ್ಕೆ ಹಿಡಿದೇ ಪೆಟ್ಟಿಗೆಯನ್ನು ರಚಿಸಿದ್ದರೆ, ಅದಿಲ್ಲದಾಗ ಏರುಸ್ವರ ತುಸು ತೀಕ್ಷ್ಣವಾಗುತ್ತದೆ. ಆಗ ಒಂದು ಓಮಿನ ಪ್ರತ್ಯೇಕ ರೋಧಕವನ್ನು ಸೇರಿಸಬೇಕು.

ನಾವು ಹೊಸ ಕೆಪಾಸಿಟರನ್ನು ಬೆಸೆದು, ಪಾತ್ರಧಾರಿಯೊಬ್ಬರಿಂದ ಅದೇ ಸಂಭಾಷಣೆಯನ್ನು ಹೇಳಿಸಿದೆವು. ‘ಸ’ ಸ್ಪಷ್ಟವಾಗಿ ಕೇಳಿಸಿತು. ನಾಲಗೆಯಲ್ಲಿ ದೋಷವಿರಲಿಲ್ಲ; ತೂಬಿನಲ್ಲಿ ಹೂಳು ತುಂಬಿತ್ತು.