ಓಟದ ಎಂಜಿನ್ನಿಗೆ ಎಣ್ಣೆ ಎಷ್ಟು?

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವ ರೈತನಿಗೆ ಅದರ ಉಪಯೋಗವನ್ನು ಯಾರೂ ತಿಳಿಸಬೇಕಾಗಿಲ್ಲ. ಲೋಹಕ್ಕೆ ಲೋಹ ಉಜ್ಜುವಲ್ಲಿ ನಡುವೆ ಎಣ್ಣೆಯ ಪೊರೆಯಿದ್ದರೆ ಘರ್ಷಣೆ ಕಡಮೆ, ಸವೆತವೂ ಕಡಮೆ. ಮೋಟಾರಿನ ಎಂಜಿನ್ನಿಗೂ ಇದೇ ನ್ಯಾಯ. ಆದರೆ ಎಣ್ಣೆ ಹೆಚ್ಚಿದಷ್ಟೂ ಒಳ್ಳೆಯದೆಂದು ಭಾವಿಸುವುದು ತಪ್ಪು. 'ಡ್ರ್ಯಾಗ್ ರೇಸ್' ಎಂಬ ಪಂದ್ಯದ ಎಂಜಿನ್ನುಗಳಲ್ಲಿ ಇದು ಚೆನ್ನಾಗಿ ಮನವರಿಕೆಯಾಗುತ್ತದೆ.

ಈ ಪಂದ್ಯ ಅಮೆರಿಕದಲ್ಲಿ ಬೆಳೆದದ್ದು. 1951ರಲ್ಲಿ ವಾಲಿ ಪಾರ್ಕ್ಸ್ ಎಂಬವರು ಕ್ಯಾಲಿಫೋರ್ನಿಯದಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಘವನ್ನು ಸ್ಥಾಪಿಸಿ ಇದನ್ನು ಕ್ರಮಕ್ಕೆ ತಂದರು. ನಿಂತಲ್ಲಿಂದ ಹೊರಟ ಎರಡು ಕಾರುಗಳು ನೇರವಾದ ದಾರಿಯಲ್ಲಿ ಸಾಮಾನ್ಯವಾಗಿ ಕಾಲು ಮೈಲಿ, ಎಂದರೆ ಸುಮಾರು 402 ಮೀಟರು ಓಡುತ್ತವೆ. ಕೆಲವೇ ಸೆಕೆಂಡುಗಳಲ್ಲಿ ಎಲ್ಲವೂ ಮುಗಿಯುತ್ತದೆ.

ಎಂಜಿನ್ನಿನ ಎಣ್ಣೆ ಅದರ ಅಡಿಯ ತೊಟ್ಟಿಯಲ್ಲಿರುತ್ತದೆ. ಪಂಪು ಒಂದು ಹೀರುಗೊಳವೆಯ ಮೂಲಕ ಅದನ್ನು ಸೆಳೆದು ಬೇರಿಂಗುಗಳಿಗೆ ಕಳುಹಿಸುತ್ತದೆ. ಬಸ್ಸು ಥಟ್ಟನೆ ಹೊರಟಾಗ ನಿಂತ ಪ್ರಯಾಣಿಕರು ಹಿಂದಕ್ಕೆ ವಾಲುವಂತೆ, ಕಾರು ಚಿಮ್ಮಿದಾಗ ತೊಟ್ಟಿಯ ಎಣ್ಣೆಯೂ ಹಿಂದಕ್ಕೆ ನುಗ್ಗುತ್ತದೆ. ಇದಕ್ಕೊಂದು ಲೆಕ್ಕ ಹಾಕಬಹುದು. ಕಾಲು ಮೈಲಿಯನ್ನು 10 ಸೆಕೆಂಡಿನಲ್ಲಿ ಓಡುವ ಕಾರಿನ ವೇಗೋತ್ಕರ್ಷವನ್ನು ಸಮನೆಂದು ಎಣಿಸಿದರೆ ಅದು ಸೆಕೆಂಡಿಗೆ ಸೆಕೆಂಡಿಗೆ 8 ಮೀಟರು, ಗುರುತ್ವದ 0.82ರಷ್ಟು. ಆಗ ಎಣ್ಣೆಯ ಮೈ ಸುಮಾರು 39 ಡಿಗ್ರಿ ಓರೆಯಾಗುತ್ತದೆ. ಹೊರಡುವ ಕ್ಷಣದಲ್ಲಂತೂ ಓರೆ ಇನ್ನೂ ಹೆಚ್ಚು. ನಿಂತ ಕಾರಿನಲ್ಲಿ ಅಳತೆಕಡ್ಡಿ ತೋರಿಸುವ ಮಟ್ಟ ಓಟದಲ್ಲಿ ಉಳಿಯುವುದೇ ಇಲ್ಲ.

ಎಣ್ಣೆ ಕಡಮೆಯಾದರೆ ಹೀರುಗೊಳವೆಯ ಬಾಯಿ ಬರಿದಾಗಿ ಪಂಪು ಗಾಳಿಯನ್ನು ಸೆಳೆಯುತ್ತದೆ. ಒತ್ತಡ ಬಿದ್ದು, ಬೇರಿಂಗಿನ ಪೊರೆ ಹರಿದು, ಲೋಹ ಲೋಹವನ್ನು ಮುಟ್ಟುತ್ತದೆ. ಎಂಜಿನ್ನು ಹಾಳಾಗಲು ಕೆಲವು ಸೆಕೆಂಡುಗಳೇ ಸಾಕು. ಅತಿ ವೇಗದಲ್ಲಿ ಒಂದಿಷ್ಟು ಎಣ್ಣೆ ಎಂಜಿನ್ನಿನ ಮೇಲ್ಭಾಗದಲ್ಲೇ ಉಳಿದು, ತಕ್ಷಣ ಕೆಳಗಿಳಿಯದೆಂಬುದನ್ನೂ ನೆನಪಿಡಬೇಕು.

ಎಣ್ಣೆ ಹೆಚ್ಚಾದರೆ ಬೇರೊಂದು ಕೇಡು. ನಿಮಿಷಕ್ಕೆ 7,000 ಸುತ್ತು ತಿರುಗುವ ಕ್ರ್ಯಾಂಕ್ ದಂಡ ಸೆಕೆಂಡಿಗೆ 116 ಸಲಕ್ಕೂ ಮಿಗಿಲಾಗಿ ಎಣ್ಣೆಯನ್ನು ಬಡಿಯುತ್ತದೆ. ಕಡೆಗೋಲು ಮಜ್ಜಿಗೆಯನ್ನು ಕಡೆದಂತೆ ಎಣ್ಣೆ ನೊರೆಯಾಗುತ್ತದೆ, ಶಕ್ತಿ ವ್ಯರ್ಥವಾಗುತ್ತದೆ, ಎಣ್ಣೆ ಕಾಯುತ್ತದೆ. ನೊರೆಯ ಎಣ್ಣೆ ಬೇರಿಂಗನ್ನು ಸರಿಯಾಗಿ ಕಾಪಾಡಲಾರದು. ಹೀಗೆ ಕೊರತೆಯೂ ಅತಿಯೂ ಕೊನೆಗೆ ಸೇರುವುದು ಒಂದೇ ಕಡೆ.

ಸರಿಯಾದ ಮಟ್ಟ ತೊಟ್ಟಿಯ ಆಕಾರವನ್ನು ಅವಲಂಬಿಸುತ್ತದೆ. 1955ರಲ್ಲಿ ಬಂದ ಷೆವರ್ಲೆಯ ಸಣ್ಣ ವಿ-8 ಎಂಜಿನ್ನಿನಲ್ಲಿ ತೊಟ್ಟಿಯ ಆಳದ ಭಾಗ ಹಿಂದಿದೆ. ಹೊರಡುವಾಗ ಇದು ಅನುಕೂಲ. ಓಟದ ಕೊನೆಯಲ್ಲಿ ತಡೆ ಹಾಕಿದಾಗ ಮಾತ್ರ ಎಣ್ಣೆ ಮುಂದಕ್ಕೋಡಿ ಗೊಳವೆ ಬರಿದಾಗಬಹುದು. ಹಳೆಯ ಮಸ್ಟಾಂಗಿನ ಫೋರ್ಡ್ ವಿ-8ನಲ್ಲಿ ಆಳದ ಭಾಗ ಮುಂದಿದ್ದುದರಿಂದ ಹೊರಡುವಾಗಲೇ ಅಪಾಯ. ಎಣ್ಣೆಯ ಓಟವನ್ನು ತಡೆಯುವ ಅಡ್ಡತಗಡುಗಳು, ಕ್ರ್ಯಾಂಕಿನ ಕೆಳಗಿನ ಜಾಲರಿ ತಗಡು, ಹೆಚ್ಚು ಆಳದ ತೊಟ್ಟಿ ಇವೇ ಪರಿಹಾರಗಳು. ಎಣ್ಣೆಯನ್ನು ಹೊರಗೆ ಬೇರೆ ಪಾತ್ರೆಯಲ್ಲಿಡುವ 'ಡ್ರೈ ಸಂಪ್' ಏರ್ಪಾಡು ಇನ್ನೂ ಉತ್ತಮ, ಆದರೆ ದುಬಾರಿ.

ಹಾಗಾದರೆ ಮಟ್ಟವನ್ನು ಗೊತ್ತುಮಾಡುವುದು ಹೇಗೆ? ತೊಟ್ಟಿ ಮಾಡಿದವರು ಹೇಳಿದ ಅಳತೆಯಿಂದ ಆರಂಭಿಸಬೇಕು. ಸಮನೆಲದಲ್ಲಿ, ಎಂಜಿನ್ನು ನಿಂತು ಎಣ್ಣೆ ಕೆಳಗಿಳಿದ ಮೇಲೆ, ಪ್ರತಿಸಲವೂ ಒಂದೇ ರೀತಿಯಲ್ಲಿ ಅಳೆಯಬೇಕು. ಓಟದ ಉದ್ದಕ್ಕೂ, ತಡೆ ಹಾಕುವಾಗಲೂ, ಒತ್ತಡವನ್ನು ದಾಖಲಿಸಬೇಕು. ಒತ್ತಡ ಸ್ಥಿರವಾಗಿದ್ದರೆ ಅರ್ಧ ಅರ್ಧ ಲೀಟರು ಕಡಮೆ ಮಾಡಿ ನೋಡಬಹುದು. ವೇಗ ಹೆಚ್ಚದಿದ್ದರೆ ಇಳಿಸುವುದರಲ್ಲಿ ಅರ್ಥವಿಲ್ಲ. ಮುಳ್ಳು ಸ್ವಲ್ಪ ಅಲುಗಿದರೂ ಓಟವನ್ನು ನಿಲ್ಲಿಸಿ, ತೆಗೆದ ಎಣ್ಣೆಯನ್ನು ಮತ್ತೆ ತುಂಬಬೇಕು.

ಇದು ಹಣದ ಪ್ರಶ್ನೆ ಮಾತ್ರವಲ್ಲ. ಒಡೆದ ಎಂಜಿನ್ನಿನ ಎಣ್ಣೆ ದಾರಿಯ ಮೇಲೆ ಚೆಲ್ಲಿದರೆ ಅದೇ ಕಾರಿನ ಚಕ್ರ ಜಾರುತ್ತದೆ. ಕಾದ ಭಾಗಗಳಿಗೆ ಸಿಡಿದರೆ ಬೆಂಕಿ ಹತ್ತುತ್ತದೆ. ಆದ್ದರಿಂದಲೇ ದಾರಿಗೆ ಎಣ್ಣೆ ಚೆಲ್ಲಿದವರಿಗೆ ಆ ಸಂಘ ದಂಡ ವಿಧಿಸುತ್ತದೆ. ಸ್ವಲ್ಪ ಶಕ್ತಿಯ ಆಸೆಗೆ ಎಣ್ಣೆಯಲ್ಲಿ ಜಿಪುಣತನ ತೋರುವವನು ಪಣಕ್ಕೊಡ್ಡುವುದು ಎಂಜಿನ್ನನ್ನು ಮಾತ್ರವಲ್ಲ, ಪ್ರಾಣವನ್ನು ಕೂಡ.