ಬಳಿದ ಪ್ರೈಮರ್ ಒಣಗುತ್ತಿಲ್ಲವೇಕೆ?

ಗೌರಿ ಹಬ್ಬ ಹತ್ತಿರ ಬಂತೆಂದರೆ ನಂಜನಗೂಡಿನಲ್ಲೂ ತಿರುಮಕೂಡಲು ನರಸೀಪುರದಲ್ಲೂ ಮನೆಮನೆಯಲ್ಲಿ ಸುಣ್ಣ ಬಣ್ಣದ ಗಡಿಬಿಡಿ. ಗೋಡೆಯ ಕೆಲಸ ಮುಗಿದ ಮೇಲೆ ಬಾಗಿಲು, ಕಿಟಕಿಗಳ ಸರದಿ. ಇಂದು ಪ್ರೈಮರ್, ನಾಳೆ ಬಣ್ಣ ಎಂಬುದು ಎಲ್ಲರ ಲೆಕ್ಕಾಚಾರ. ಆದರೆ ಕೆಲವು ಮನೆಗಳಲ್ಲಿ ಮೂರು ದಿನ ಕಳೆದರೂ ಕದ ಮುಟ್ಟಿದರೆ ಬೆರಳಿಗೆ ಅಂಟು. ಅಂಗಡಿಯವನು ಕಳಪೆ ಮಾಲು ಕೊಟ್ಟನೆಂದು ಅಪ್ಪ ರೇಗುತ್ತಾರೆ. ಪೇಂಟರ್ ಸರಿಯಾಗಿ ಬಳಿಯಲಿಲ್ಲವೆಂದು ಅಮ್ಮ ದೂರುತ್ತಾರೆ. ಮೇಲೊಂದು ಕೋಟು ಎಳೆದುಬಿಡಿ, ಸರಿಹೋಗುತ್ತದೆ ಎಂದು ನೆರೆಮನೆಯವರು ಸಲಹೆ ಕೊಡುತ್ತಾರೆ. ಈ ಮೂರು ಮಾತುಗಳಲ್ಲಿ ಹೆಚ್ಚು ನಷ್ಟ ತರುವುದು ಕೊನೆಯದೇ. ಪ್ರೈಮರ್ ಏಕೆ ಒಣಗಲಿಲ್ಲ ಎಂದು ತಿಳಿಯದೆ ಮಾಡುವ ಉಪಾಯ ಬೂದಿಯಲ್ಲಿ ಮಾಡಿದ ಹೋಮದಂತೆ.

ಬಟ್ಟೆ ಒಣಗಿದಂತಲ್ಲ

ಒದ್ದೆ ಬಟ್ಟೆ ಒಣಗುವುದೆಂದರೆ ಅದರಲ್ಲಿರುವ ನೀರು ಆವಿಯಾಗುವುದು, ಅಷ್ಟೇ. ಎಣ್ಣೆ ಆಧಾರಿತ ಪ್ರೈಮರ್ ಎರಡು ಹಂತದಲ್ಲಿ ಒಣಗುತ್ತದೆ. ಮೊದಲು ಅದರಲ್ಲಿ ಬೆರೆತ ಟರ್ಪೆಂಟೈನ್ ಆವಿಯಾಗಿ ಹೋಗುತ್ತದೆ. ಇದಕ್ಕೆ ಕೆಲವು ಗಂಟೆ ಸಾಕು. ಅನಂತರವೇ ನಿಜವಾದ ಕೆಲಸ. ಪ್ರೈಮರಿನಲ್ಲಿರುವ ಅಗಸೆ ಎಣ್ಣೆಯಂಥ ಎಣ್ಣೆಯ ಅಂಶ ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಆಮ್ಲಜನಕದ ನೆರವಿನಿಂದ ಎಣ್ಣೆಯ ಅಣುಗಳು ಒಂದನ್ನೊಂದು ಹಿಡಿದುಕೊಂಡು ಬಲೆಯಂತೆ ಹೆಣೆದುಕೊಳ್ಳುತ್ತವೆ. ಆಗ ದ್ರವ ಗಟ್ಟಿ ಪದರವಾಗುತ್ತದೆ. ಈ ಕ್ರಿಯೆಯನ್ನು ಚುರುಕುಗೊಳಿಸಲು ತಯಾರಕರು ಕೋಬಾಲ್ಟ್ ಮೊದಲಾದ ಲೋಹಗಳ ಲವಣಗಳನ್ನು ಸೇರಿಸಿರುತ್ತಾರೆ. ಇವಕ್ಕೆ ಡ್ರೈಯರ್ ಎಂದು ಹೆಸರು.

ಒಣಗುವಾಗ ಅಗಸೆ ಎಣ್ಣೆಯ ತೂಕ ಕಡಿಮೆಯಾಗುವುದಿಲ್ಲ. ಆಮ್ಲಜನಕ ಸೇರುವುದರಿಂದ ಮೊದಮೊದಲು ಹೆಚ್ಚುತ್ತದೆ! ಆದ್ದರಿಂದ ಪ್ರೈಮರ್ ಒಣಗಲಿಲ್ಲವೆಂದರೆ ಒಂದೋ ಅದಕ್ಕೆ ಗಾಳಿ ಸಿಕ್ಕಿಲ್ಲ, ಇಲ್ಲವೇ ಹೆಣಿಗೆಗೆ ಏನೋ ಅಡ್ಡಿಯಾಗಿದೆ. ಅರೆಬರೆ ಒಣಗಿದ ಪದರದ ಮೇಲೆ ಇನ್ನೊಂದು ಕೋಟು ಬಳಿದರೆ ಇರುವ ಗಾಳಿಯ ದಾರಿಯನ್ನೂ ಮುಚ್ಚಿದಂತೆ. ಮೇಲೆ ಹೊಳಪು ಬರಬಹುದು. ಕೆಲವು ತಿಂಗಳಲ್ಲಿ ಬಣ್ಣ ಸುಕ್ಕುಗಟ್ಟಿ ಸಿಪ್ಪೆಯಂತೆ ಏಳುತ್ತದೆ.

ನೀರು ಕುಡಿದ ಮರ

ಮೊದಲ ಅಡ್ಡಿ ಮರದೊಳಗಿನ ತೇವ. ನಂಜನಗೂಡು ಕಪಿಲೆಯ ದಂಡೆಯ ಊರು. ನರಸೀಪುರದಲ್ಲಿ ಅದೇ ಕಪಿಲೆ ಕಾವೇರಿಯನ್ನು ಕೂಡುತ್ತಾಳೆ. 2019ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತ್ತು. ಇಂಥ ನೆರೆ ಇಳಿದ ಮೇಲೆ ಕದದ ಹೊರಮೈ ನಾಲ್ಕು ದಿನದ ಬಿಸಿಲಿಗೆ ಒಣಗಿದಂತೆ ಕಾಣುತ್ತದೆ. ಒಳಗಿನ ನೀರು ಹೊರಬರಲು ವಾರಗಳೇ ಬೇಕು. ನೆರೆ ಬಾರದಿದ್ದರೂ ಮಳೆಗಾಲದ ತೇವಗಾಳಿಯಲ್ಲಿ ಮರ ತಾನೇ ನೀರು ಹೀರುತ್ತದೆ. ಅದರಲ್ಲೂ ಮರದ ಎಳೆಗಳ ತುದಿ ತೆರೆದಿರುವ ಕದದ ಕೆಳ ಅಂಚು ಹೆಚ್ಚು ಕುಡಿಯುತ್ತದೆ. ಬಹಳ ಮನೆಗಳಲ್ಲಿ ಬಣ್ಣ ಕಾಣದೆ ಉಳಿಯುವುದೂ ಅದೇ ಅಂಚು.

ಮರದಲ್ಲಿ ಎಷ್ಟು ನೀರಿದೆಯೆಂದು ಶಾಲೆಯ ಪ್ರಯೋಗಾಲಯದಲ್ಲೇ ಅಳೆಯಬಹುದು. ಅದೇ ಮರದ ಒಂದು ತುಂಡನ್ನು ತೂಗಿ, 103 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಟ್ಟು, ಮತ್ತೆ ತೂಗಬೇಕು. ಮೊದಲು 60 ಗ್ರಾಂ ಇದ್ದದ್ದು 50 ಗ್ರಾಂ ಆದರೆ, ಹೋದ ನೀರು 10 ಗ್ರಾಂ. ಅದನ್ನು ಒಣ ತೂಕವಾದ 50ರಿಂದ ಭಾಗಿಸಿ 100ರಿಂದ ಗುಣಿಸಿದರೆ ತೇವಾಂಶ ಶೇ 20. ಸುಮಾರು ಶೇ 15ಕ್ಕಿಂತ ಹೆಚ್ಚಿದ್ದರೆ ಬಣ್ಣದ ಕೆಲಸ ಮುಂದೂಡುವುದೇ ಜಾಣತನ.

ಮರದ ಗುಣ, ಡಬ್ಬಿಯ ದೋಷ

ಎರಡನೆಯ ಅಡ್ಡಿ ಮರದ ಹುಟ್ಟುಗುಣ. ತೇಗ, ಬೀಟೆಯಂಥ ಮರಗಳಲ್ಲಿ ಎಣ್ಣೆಯಂಥ ಸಹಜ ರಸಗಳಿವೆ. ಮರ ಬೇಗ ಹಾಳಾಗದಂತೆ ಕಾಯುವ ಇವೇ ರಸಗಳು ಪ್ರೈಮರ್ ಆಮ್ಲಜನಕದೊಡನೆ ಸೇರುವುದನ್ನು ತಡೆಯುತ್ತವೆ. ಮರಕ್ಕೆ ವರವಾದದ್ದು ಬಣ್ಣಕ್ಕೆ ಶಾಪ!

ಮೂರನೆಯದು ಬಳಿಯುವಾಗಿನ ತಪ್ಪುಗಳು. ಡಬ್ಬಿಯನ್ನು ತಳದವರೆಗೆ ಕದಡದೆ ಬಳಿದರೆ ಮೇಲಿನ ತೆಳು ಎಣ್ಣೆಯಷ್ಟೇ ಮರಕ್ಕೆ ಹತ್ತುತ್ತದೆ. ವರ್ಷಗಟ್ಟಲೆ ಇಟ್ಟ ಡಬ್ಬಿಯಲ್ಲಿ ಡ್ರೈಯರ್‌ನ ಕಸುವು ಕುಂದಿರುತ್ತದೆ. ಟರ್ಪೆಂಟೈನ್ ಬದಲು ಸೀಮೆಎಣ್ಣೆ ಬೆರೆಸಿದರೆ ಅದು ಬೇಗ ಆವಿಯಾಗದೆ ಜಿಡ್ಡು ಬಿಡುತ್ತದೆ. ದಪ್ಪ ಕೋಟು ಬಳಿದರೆ ಮೇಲೆ ತೊಗಟೆ ಕಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ.

ಪರಿಹಾರವೇನು?

ಮೊದಲು ಕಿಟಕಿಗಳನ್ನೆಲ್ಲ ತೆರೆದು ಗಾಳಿಯಾಡಲು ಬಿಟ್ಟು ಎರಡು ಮೂರು ದಿನ ಕಾಯಬೇಕು. ದಿನೇ ದಿನೇ ಅಂಟು ಕಡಿಮೆಯಾಗುತ್ತಿದ್ದರೆ ತಾಳ್ಮೆಯೇ ಮದ್ದು. ಹೆಬ್ಬೆರಳು ಒತ್ತಿ ತಿರುವಿದಾಗ ಗುರುತು ಮೂಡದಿದ್ದರೆ ಮುಂದಿನ ಕೋಟಿಗೆ ಸಿದ್ಧ ಎಂದರ್ಥ. ವಾರವಾದರೂ ಅಂಟು ಹಾಗೇ ಇದ್ದರೆ ಪ್ರೈಮರನ್ನು ಕೆರೆದು ತೆಗೆದು, ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಒರೆಸಿ, ಮರ ಪೂರ್ತಿ ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ, ತೆಳುವಾಗಿ ಮತ್ತೆ ಬಳಿಯುವುದೊಂದೇ ದಾರಿ.

ತೇಗ, ಬೀಟೆಯ ಮರವಾದರೆ ನಡುವೆ ಒಂದು ತಡೆ ಬೇಕು. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ತೆಳುವಾಗಿ ಬಳಿದು ಅದರ ಮೇಲೆ ಪ್ರೈಮರ್ ಹಚ್ಚಬಹುದು. ಸ್ಪಿರಿಟ್ ಆವಿಯಾದೊಡನೆ ಅರಗು ಗಟ್ಟಿಯಾಗುತ್ತದೆ. ಅದಕ್ಕೆ ಆಮ್ಲಜನಕದ ಹಂಗಿಲ್ಲ. ಮೈಸೂರಿಗೆ ಈ ಅರಗು ಹೊಸದೇನಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಮೈಸೂರಿನಲ್ಲಿ ಆರಂಭವಾದ ಬಣ್ಣದ ಕಾರ್ಖಾನೆಯ ಹೆಸರೇ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಲ್ಯಾಕ್ ಎಂದರೆ ಅರಗು. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಅಳಿಸಲಾಗದ ಶಾಯಿ ಒದಗಿಸುತ್ತ ಬಂದದ್ದೂ ಇದೇ ಸಂಸ್ಥೆ.

ಮಕ್ಕಳಿರುವ ಮನೆಯಲ್ಲಿ ಎಚ್ಚರ

ಹಳೆಯ ಕದದ ಬಣ್ಣ ಕೆರೆಯುವಾಗ ಒಂದು ಅಪಾಯವಿದೆ. ಹಿಂದೆ ಬಣ್ಣಕ್ಕೂ ಡ್ರೈಯರ್‌ಗೂ ಸೀಸದ ಸಂಯುಕ್ತಗಳನ್ನು ಧಾರಾಳವಾಗಿ ಬಳಸುತ್ತಿದ್ದರು. ಆ ದೂಳು ಉಸಿರಿನಿಂದಲೋ ಕೈಯಿಂದ ಬಾಯಿಗೋ ಸೇರಿದರೆ ಬೆಳೆಯುವ ಮಕ್ಕಳ ಮೆದುಳಿಗೆ, ಕಲಿಕೆಗೆ ಹಾನಿ. ಭಾರತದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜದೆ ನೀರು ಚಿಮುಕಿಸಿ ಉಜ್ಜಬೇಕು. ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಡಬೇಕು. ಬಿದ್ದ ಚೂರುಗಳನ್ನು ಒದ್ದೆ ಬಟ್ಟೆಯಿಂದ ಬಳಿದು ತೆಗೆಯಬೇಕು.

ಟರ್ಪೆಂಟೈನನ್ನು ತಂಪು ಪಾನೀಯದ ಬಾಟಲಿಯಲ್ಲಿ ಎಂದೂ ತುಂಬಿಡಬಾರದು. ಅಗಸೆ ಎಣ್ಣೆ ಮೆತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆಮ್ಲಜನಕ ಹೀರುವಾಗಿನ ಶಾಖ ಒಳಗೇ ಉಳಿದು ತಾನಾಗಿ ಬೆಂಕಿ ಹತ್ತಬಹುದು. ಅದನ್ನು ಬಯಲಲ್ಲಿ ಬಿಡಿಸಿ ಒಣಗಿಸಿ.

ವಿದ್ಯಾರ್ಥಿಗಳಿಗೊಂದು ಪ್ರಯೋಗ

ಎರಡು ಗಾಜಿನ ಬಿಲ್ಲೆಗಳ ಮೇಲೆ ಅಗಸೆ ಎಣ್ಣೆ, ಕೊಬ್ಬರಿ ಎಣ್ಣೆಗಳನ್ನು ಬೇರೆ ಬೇರೆಯಾಗಿ ತೆಳ್ಳಗೆ ಸವರಿ ಗಾಳಿ ಬೆಳಕಿರುವ ಕಡೆ ಇಡಿ. ಅಗಸೆ ಎಣ್ಣೆ ಕೆಲವು ದಿನಗಳಲ್ಲಿ, ಮಳೆಗಾಲವಾದರೆ ಇನ್ನೂ ತಡವಾಗಿ, ಪೊರೆ ಕಟ್ಟುತ್ತದೆ. ಕೊಬ್ಬರಿ ಎಣ್ಣೆ ಎಷ್ಟು ದಿನ ಕಳೆದರೂ ಕಟ್ಟುವುದಿಲ್ಲ. 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹಿಡಿಯಬಲ್ಲದೆಂಬ ಅಂಕಿ ಇದರ ಗುಟ್ಟನ್ನು ಹೇಳುತ್ತದೆ. ಅಗಸೆ ಎಣ್ಣೆಗೆ ಅದು 170ಕ್ಕೂ ಹೆಚ್ಚು, ಕೊಬ್ಬರಿ ಎಣ್ಣೆಗೆ 10ರ ಆಸುಪಾಸು. ಅಣುವಿನಲ್ಲಿ ದ್ವಿಬಂಧ ಹೆಚ್ಚಿದ್ದಷ್ಟೂ ಅಯೋಡಿನ್ನನ್ನೂ ಹಿಡಿಯುತ್ತದೆ, ಆಮ್ಲಜನಕವನ್ನೂ ಹಿಡಿಯುತ್ತದೆ. ಪಠ್ಯಪುಸ್ತಕದ ದ್ವಿಬಂಧಕ್ಕೂ ಮನೆಯ ಕದಕ್ಕೂ ಇಷ್ಟು ಹತ್ತಿರದ ನಂಟು.

ಇನ್ನು ಕಾಲದ ಆಯ್ಕೆ. ನಂಜನಗೂಡಿನ ದೊಡ್ಡ ಜಾತ್ರೆ ನಡೆಯುವುದು ಮಾರ್ಚ್–ಏಪ್ರಿಲ್ ಹೊತ್ತಿಗೆ. ಆಗ ಮರ ಒಣಗಿರುತ್ತದೆ, ಗಾಳಿಯೂ ಒಣಗಿರುತ್ತದೆ, ಪರೀಕ್ಷೆ ಮುಗಿಸಿದ ಮಕ್ಕಳೂ ಮನೆಯಲ್ಲಿರುತ್ತಾರೆ. ಗೌರಿ ಹಬ್ಬದ ಕದದ ಕೆಲಸವನ್ನು ಜಾತ್ರೆಯ ವೇಳೆಗೇ ಮುಗಿಸಿಕೊಂಡರೆ, ಅಂಗಡಿಯವನ ಮೇಲೆ ರೇಗುವ ಪ್ರಮೇಯವೂ ಇರದು, ಮಾಡಿದ ಕೆಲಸವನ್ನೇ ಮತ್ತೆ ಮಾಡುವ ಖರ್ಚೂ ಇರದು.