ಮಾಳಿಗೆಯ ಮೇಲಿನ ಹಂಡೆ

ಶೀತದೇಶಗಳ ಮನೆಗಳಲ್ಲಿ ನೆಲಮಾಳಿಗೆಯಲ್ಲೊಂದು ಬಾಯ್ಲರು, ಅಲ್ಲಿಂದ ಕೋಣೆಕೋಣೆಗೂ ಬಿಸಿನೀರಿನ ಕೊಳವೆ. ಜೋಡಿಸಿದವನು ಎಡವಿದನೆಂದರೆ ಮನೆಮಂದಿಯೆಲ್ಲ ಚಳಿಗಾಲವಿಡೀ ನಡುಗಬೇಕು. ನಮ್ಮ ನಾಡಿನಲ್ಲಿ ಕೋಣೆಗಳನ್ನು ಕಾಯಿಸುವ ತೊಂದರೆಯಿಲ್ಲ. ಆ ಕೆಲಸವನ್ನು ಸೂರ್ಯನು ಬೇಕಾದುದಕ್ಕಿಂತ ಹೆಚ್ಚಾಗಿಯೇ ಮಾಡುತ್ತಾನೆ. ಆದರೆ ಇಡೀ ಮನೆಗೆ ಬಿಸಿನೀರನ್ನು ಒದಗಿಸುವ ಕೇಂದ್ರವೊಂದು ನಮ್ಮಲ್ಲಿಯೂ ಉಂಟು. ಹಿಂದೆ ಅದು ಬಚ್ಚಲುಮನೆಯ ಹಂಡೆಯಾಗಿತ್ತು. ಈಗ ಅದು ಮಾಳಿಗೆಯನ್ನೇರಿದೆ. ಗ್ರಂಥದ ಮಾತಿನಲ್ಲಿ ಅದು ಸೌರ ಜಲತಾಪಕ. ಜನರ ಬಾಯಲ್ಲಿ ‘ಸೋಲಾರ್’.

ಚನ್ನಗಿರಿಯ ಅಡಿಕೆ ಸೀಮೆಯಲ್ಲಿ ಹಂಡೆಯ ಒಲೆಗೆ ಉರುವಲಿನ ಚಿಂತೆಯಿರಲಿಲ್ಲ. ಅಡಿಕೆಯ ಸಿಪ್ಪೆ, ತೆಂಗಿನ ಗರಿ, ಕರಟ, ಇಷ್ಟಿದ್ದರೆ ನೀರು ಕುದಿಯುತ್ತಿತ್ತು. ಒಲೆಯಲ್ಲಿ ದೋಷವಿದ್ದರೆ ಹೊಗೆಯೇ ಮನೆಯವರ ಕಣ್ಣಿಗೆ ದೂರು ಹೇಳುತ್ತಿತ್ತು. ಒಡನೆ ಮಣ್ಣು ಮೆತ್ತಿ ಸರಿಪಡಿಸುತ್ತಿದ್ದರು. ಸೋಲಾರಿನ ದೋಷ ಹಾಗಲ್ಲ. ಅದು ಯಾರ ಕಣ್ಣಿಗೂ ಬೀಳದೆ ಮಾಳಿಗೆಯ ಮೇಲೆ ಮೌನವಾಗಿ ಕುಳಿತಿರುತ್ತದೆ. ಹತ್ತಾರು ಸಾವಿರ ರೂಪಾಯಿ ತೆತ್ತ ಮನೆಯ ಯಜಮಾನ, ಪುಷ್ಯಮಾಸದ ಮುಂಜಾವಿನಲ್ಲಿ ಉಗುರುಬೆಚ್ಚನೆಯ ನೀರಿಗೆ ಕೈಯೊಡ್ಡಿ, ಮೋಡವನ್ನೂ ಯಂತ್ರವನ್ನೂ ಬೈಯುತ್ತಾನೆ. ಅನೇಕ ವೇಳೆ ತಪ್ಪು ಎರಡರದೂ ಅಲ್ಲ, ಕೂರಿಸಿದ ಕೈಯದು.

ಯಂತ್ರದ ಗುಟ್ಟು

1891ರಲ್ಲಿ ಅಮೆರಿಕೆಯ ಕ್ಲಾರೆನ್ಸ್ ಕೆಂಪ್ ಎಂಬಾತನು ಬಿಸಿಲಿನಿಂದ ನೀರು ಕಾಯಿಸುವ ಪೆಟ್ಟಿಗೆಗೆ ಹಕ್ಕುಪತ್ರ ಪಡೆದನು. ಹಗಲು ಕಾದ ನೀರು ಅದರಲ್ಲಿ ರಾತ್ರಿ ತಣ್ಣಗಾಗಿಬಿಡುತ್ತಿತ್ತು. 1909ರಲ್ಲಿ ಕ್ಯಾಲಿಫೋರ್ನಿಯದ ವಿಲಿಯಂ ಬೈಲಿ ಬಿಸಿಲು ಹೀರುವ ಫಲಕವನ್ನೂ ನೀರಿನ ತೊಟ್ಟಿಯನ್ನೂ ಬೇರ್ಪಡಿಸಿ, ತೊಟ್ಟಿಗೆ ಶಾಖ ಹೊರಹೋಗದಂತೆ ಹೊದಿಕೆ ಹಾಕಿದನು. ಇಂದಿನ ಸೋಲಾರಿನ ಮೂಲತತ್ತ್ವ ಅದೇ. ಕರ್ನಾಟಕ ಸರಕಾರ 2007ರಲ್ಲಿ ಹಲವು ಬಗೆಯ ಹೊಸ ಕಟ್ಟಡಗಳಿಗೆ ಇದನ್ನು ಕಡ್ಡಾಯಗೊಳಿಸಿದ ಮೇಲೆ ನಮ್ಮ ನಗರಗಳ ಮಾಳಿಗೆಗಳ ರೂಪವೇ ಬದಲಾಯಿತು.

ಇದರಲ್ಲಿ ಪಂಪಿಲ್ಲ, ಚಕ್ರವಿಲ್ಲ. ಕಾದ ನೀರು ಹಗುರವಾಗಿ ಮೇಲಕ್ಕೇರಿ ತೊಟ್ಟಿಯನ್ನು ಸೇರುತ್ತದೆ. ತೊಟ್ಟಿಯ ತಳದ ತಣ್ಣೀರು ಭಾರವಾಗಿ ಕೆಳಗಿಳಿದು ಫಲಕಕ್ಕೆ ಬರುತ್ತದೆ. ನೂರು ಲೀಟರು ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ವಿದ್ಯುತ್ತಿನಲ್ಲಾದರೆ ಸುಮಾರು 4 ಯೂನಿಟ್ಟು ವ್ಯಯವಾಗಬೇಕು. ಎರಡು ಚದರ ಮೀಟರಿನ ಫಲಕವೊಂದು ಒಳ್ಳೆಯ ಬಿಸಿಲಿನ ದಿನ ಇಷ್ಟನ್ನು ಪುಕ್ಕಟೆಯಾಗಿ ಮಾಡಿಕೊಡುತ್ತದೆ. ಆದರೆ ಇಷ್ಟು ನಯವಾದ ಚಲನೆಗೆ ಸ್ವಲ್ಪ ಅಡ್ಡಿಯೂ ಸಾಕು.

ಫಲಕದ ಮಾದರಿಯಲ್ಲಿ ತೊಟ್ಟಿಯ ತಳ ಫಲಕದ ತಲೆಗಿಂತ ಸುಮಾರು ಒಂದಡಿ ಮೇಲಿರಬೇಕು. ಇಲ್ಲವಾದರೆ ರಾತ್ರಿ ನೀರು ಹಿಮ್ಮುಖವಾಗಿ ಹರಿದು, ಹಗಲು ಗಳಿಸಿದ ಶಾಖವನ್ನು ಫಲಕವೇ ಆಕಾಶಕ್ಕೆ ದಾನ ಮಾಡಿಬಿಡುತ್ತದೆ. ಪರೀಕ್ಷೆ ಬಹು ಸುಲಭ: ರಾತ್ರಿ ಒಂಬತ್ತು ಗಂಟೆಯ ಮೇಲೆ ಫಲಕದ ತಲೆಯ ಕೊಳವೆಯನ್ನು ಮುಟ್ಟಿ ನೋಡುವುದು. ಅದು ಇನ್ನೂ ಬೆಚ್ಚಗಿದ್ದರೆ ಕಳ್ಳ ಸಿಕ್ಕಿದನೆಂದೇ ತಿಳಿಯಬಹುದು. ಗಾಜಿನ ಕೊಳವೆಗಳ ಮಾದರಿಯಲ್ಲಿ ಕೊಳವೆಗಳು ನೇರವಾಗಿ ತೊಟ್ಟಿಗೇ ಸೇರಿರುವುದರಿಂದ ಈ ತೊಂದರೆ ಇಲ್ಲ.

ಫಲಕದಿಂದ ತೊಟ್ಟಿಗೆ ಹೋಗುವ ಕೊಳವೆ ಎಲ್ಲಿಯೂ ತಗ್ಗದೆ ಏರುತ್ತಲೇ ಹೋಗಬೇಕು. ನಡುವೆ ಗೂನು ಬಿದ್ದರೆ ಅಲ್ಲಿ ಗಾಳಿ ಸೇರಿ ನೀರಿಗೆ ದಾರಿ ಕಟ್ಟುತ್ತದೆ. ತೊಟ್ಟಿಯ ಮೇಲೆ ನಿಂತ ಗಾಳಿಕೊಳವೆ ಸದಾ ತೆರೆದಿರಬೇಕು. ಹಕ್ಕಿಯ ಗೂಡೋ ಕಸವೋ ಅದನ್ನು ಮುಚ್ಚಿದರೆ, ನೀರು ಇಳಿಯುವಾಗ ಒಳಗೆ ನಿರ್ವಾತವುಂಟಾಗಿ ತೊಟ್ಟಿಯೇ ಅಪ್ಪಚ್ಚಿಯಾದೀತು.

ಬೇಸಗೆಯಲ್ಲಿ ಕಾಣದ ನೆರಳು

ಫಲಕ ದಕ್ಷಿಣಕ್ಕೆ ಮುಖ ಮಾಡಿರಬೇಕೆಂಬುದು ಎಲ್ಲರೂ ಬಲ್ಲ ಮಾತು. ಎಲ್ಲರೂ ಮರೆಯುವುದು ನೆರಳನ್ನು. ಈ ನಾಲ್ಕೂ ಊರುಗಳು ಉತ್ತರ ಅಕ್ಷಾಂಶ 14 ಡಿಗ್ರಿಯ ಆಸುಪಾಸಿನಲ್ಲಿವೆ. ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುವುದರಿಂದ ನೆರಳು ಕಾಲಡಿಯಲ್ಲೇ ಬೀಳುತ್ತದೆ. ಡಿಸೆಂಬರಿನಲ್ಲಾದರೋ ಹತ್ತಡಿ ಎತ್ತರದ ಗೋಡೆಯ ನೆರಳು ನಡುಮಧ್ಯಾಹ್ನದಲ್ಲಿಯೂ ಉತ್ತರಕ್ಕೆ ಸುಮಾರು ಎಂಟಡಿ ಚಾಚುತ್ತದೆ. ಬೆಳಿಗ್ಗೆ ಸಂಜೆ ಅದಕ್ಕಿಂತಲೂ ಉದ್ದ. ಬೇಸಗೆಯಲ್ಲಿ ಬಂದು ಕೂರಿಸಿದವನಿಗೆ ಪಕ್ಕದ ಮೆಟ್ಟಿಲ ಕೋಣೆಯಾಗಲಿ ತೆಂಗಿನ ಮರವಾಗಲಿ ಅಡ್ಡಿಯೆನಿಸುವುದಿಲ್ಲ. ಬಿಸಿನೀರು ನಿಜವಾಗಿ ಬೇಕಾಗುವ ಚಳಿಗಾಲದಲ್ಲಿ ಫಲಕ ಅರ್ಧ ದಿನ ನೆರಳಿನಲ್ಲಿರುತ್ತದೆ! ನ್ಯಾಮತಿ, ಹೊನ್ನಾಳಿಗಳಂಥ ಊರುಗಳಲ್ಲಿ ಮರಗಳ ನಡುವೆ ಮನೆ ಕಟ್ಟಿದವರು ಇದನ್ನು ಮುಖ್ಯವಾಗಿ ಗಮನಿಸತಕ್ಕದ್ದು.

ಮಾಳಿಗೆಯಿಂದ ಬಚ್ಚಲಿಗೆ ಇಳಿಯುವ ಕೊಳವೆಯೂ ಅಷ್ಟೇ ಮುಖ್ಯ. ಎರಡು ಸೆಂಟಿಮೀಟರು ಒಳವ್ಯಾಸದ ಕೊಳವೆ 15 ಮೀಟರು ಉದ್ದವಿದ್ದರೆ ಅದರೊಳಗೆ ಸುಮಾರು 5 ಲೀಟರು ನೀರು ತಣ್ಣಗಾಗಿ ನಿಂತಿರುತ್ತದೆ. ಪ್ರತಿ ಮುಂಜಾನೆ ಅಷ್ಟನ್ನೂ ಚೆಲ್ಲಿದ ಮೇಲೆಯೇ ಬಿಸಿನೀರು. ಕೊಳವೆಗೆ ಹೊದಿಕೆಯಿಲ್ಲದಿದ್ದರೆ ಆ ಬಿಸಿಯೂ ದಾರಿಯಲ್ಲೇ ಸೋರುತ್ತದೆ. ಆದುದರಿಂದ ಬಚ್ಚಲಿಗೆ ಹತ್ತಿರದ ಮೂಲೆಯೇ ಫಲಕಕ್ಕೆ ಯೋಗ್ಯ.

ಜಗಳೂರಿನ ನೀರು

ಮಳೆ ಕಡಮೆಯಿರುವ ಜಗಳೂರು ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ. ಅಲ್ಲಿನ ತೊಡಕು ಬೇರೆ. ಕೊಳವೆಬಾವಿಯ ನೀರು ಗಡಸಾಗಿದ್ದರೆ, ಕಾದಾಗ ಅದರಲ್ಲಿನ ಸುಣ್ಣದ ಅಂಶ ಬೇರ್ಪಟ್ಟು ಫಲಕದ ಸಣ್ಣ ಕೊಳವೆಗಳ ಒಳಮೈಗೆ ಹೆಕ್ಕಳಗಟ್ಟುತ್ತದೆ. ಎರಡು ಮೂರು ವರ್ಷಗಳಲ್ಲಿ ದಾರಿ ಕಿರಿದಾಗಿ, ಒಂದು ದಿನ ನೀರು ನಿಂತೇಹೋಗುತ್ತದೆ. ಹೊಳೆಯ ನೀರು ಬರುವ ಮನೆಯಲ್ಲಿ ಸೊಗಸಾಗಿ ನಡೆದ ಮಾದರಿ ಇಲ್ಲಿ ನಡೆಯಲಿಕ್ಕಿಲ್ಲ. ಗಡಸು ನೀರಿನ ಮನೆಗೆ ಗಾಜಿನ ಕೊಳವೆಗಳ ಮಾದರಿಯೋ, ಫಲಕದಲ್ಲಿ ಬೇರೆ ದ್ರವ ಸುತ್ತಿ ಶಾಖವನ್ನಷ್ಟೇ ತೊಟ್ಟಿಗೆ ಸಾಗಿಸುವ ಮಾದರಿಯೋ ಹೆಚ್ಚು ಬಾಳಿಕೆಯದು. ಕೊಳ್ಳುವ ಮುನ್ನ ನೀರನ್ನು ಪರೀಕ್ಷೆ ಮಾಡಿಸುವುದು ಜಾಣತನ.

ಪ್ರಾಣದ ಮಾತು

ಸೋಲಾರ್ ಕೈಕೊಟ್ಟಿತೆಂದು ಬೇಸತ್ತ ಮನೆಯವರು ಕೆಲವೊಮ್ಮೆ ಬಚ್ಚಲಿನೊಳಗೇ ಗ್ಯಾಸ್ ಗೀಸರನ್ನು ಕೂರಿಸುತ್ತಾರೆ. ಇಲ್ಲಿ ದುಡ್ಡಿನ ಮಾತು ಮುಗಿದು ಪ್ರಾಣದ ಮಾತು ಮೊದಲಾಗುತ್ತದೆ. ಗಾಳಿಯಾಡದ ಕೋಣೆಯಲ್ಲಿ ಅನಿಲ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಕೂಗುವುದಕ್ಕೂ ಆಗದೆ ಕುಸಿಯುತ್ತಾರೆ. ಗ್ಯಾಸ್ ಗೀಸರಿನ ಸ್ಥಾನ ಬಚ್ಚಲಿನ ಹೊರಗೆ, ತೆರೆದ ಗಾಳಿಯಲ್ಲಿ. ಹಾಗೆಯೇ ಮೋಡದ ದಿನಗಳಿಗೆಂದು ಸೋಲಾರಿನ ತೊಟ್ಟಿಯಲ್ಲಿ ವಿದ್ಯುತ್ ಸುರುಳಿಯಿದ್ದರೆ, ಅದರ ಅರ್ತಿಂಗ್ ತಂತಿಯನ್ನು ತಿಳಿದ ಎಲೆಕ್ಟ್ರೀಷಿಯನ್ನನಿಂದ ನೋಡಿಸದೆ ಬಳಸಕೂಡದು.

ಹಣ ಕೊಡುವ ಮುನ್ನ

ಇಷ್ಟೆಲ್ಲವನ್ನೂ ನೋಡಬೇಕಾದ ಸಮಯ ಒಂದೇ: ಕೆಲಸಗಾರರು ಇನ್ನೂ ಮಾಳಿಗೆಯ ಮೇಲಿರುವಾಗ. ಇಟ್ಟಿಗೆ ಗಾರೆಗಳು ಕೊಳವೆಯನ್ನು ಮುಚ್ಚಿದ ಮೇಲೆ ದೋಷ ಹುಡುಕುವುದೆಂದರೆ ಗೋಡೆಯೊಡೆದಂತೆಯೇ ಸರಿ. ಹಣದ ಕೊನೆಯ ಕಂತನ್ನು ಉಳಿಸಿಕೊಂಡು, ಬಿಸಿಲಿನ ಮೂರು ದಿನಗಳ ಮುಂಜಾವಿನಲ್ಲಿ ನೀರಿನ ಬಿಸಿಯನ್ನು ನೋಡಿ, ಅನಂತರ ಕೊಡುವ ಮಾತನ್ನು ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳುವುದು ಲೇಸು. ಸೋಲಾರ್ ಅಂಗಡಿಯಲ್ಲಿ ಕೊಂಡು ತರುವ ವಸ್ತುವಷ್ಟೇ ಅಲ್ಲ. ಮನೆಯನ್ನು ನೋಡಿ ಮಾಡಬೇಕಾದ ಕೆಲಸ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಹಂಡೆಯನ್ನು ತಿಕ್ಕಿ ತೊಳೆದು, ಒಲೆಯ ಬಿರುಕು ಮುಚ್ಚಿ, ಹೊಸ ನೀರು ತುಂಬುವ ಪದ್ಧತಿಯನ್ನು ಚಳಿಯ ಹೊಸ್ತಿಲಲ್ಲೇ ಇಟ್ಟಿದ್ದರು. ಹಂಡೆ ಮಾಳಿಗೆಯನ್ನೇರಿದ ಮಾತ್ರಕ್ಕೆ ಹಬ್ಬವನ್ನು ಕೆಳಗೇ ಬಿಡಬೇಕೆಂದೇನೂ ಇಲ್ಲ. ಅಂದು ಮನೆಯವರಲ್ಲೊಬ್ಬರು ಮೇಲೆ ಹತ್ತಿ ಫಲಕದ ಧೂಳನ್ನೊರಸಿ, ಗಾಳಿಕೊಳವೆಯನ್ನು ನೋಡಿ, ನೆರಳು ಎಲ್ಲಿಯವರೆಗೆ ಬಂದಿದೆಯೆಂದು ಗುರುತಿಸಿದರೆ, ಮರುದಿನದ ಅಭ್ಯಂಜನಕ್ಕೆ ಮಾತ್ರವಲ್ಲ, ಮಾಗಿ ಕಳೆಯುವವರೆಗೂ ಬಿಸಿನೀರಿಗೆ ಕೊರತೆಯಾಗದು.